ಮಾತಿನ ಡಬ್ಬಿಯ ಎರಡು ಪಾಲು

ಗದಗ ಬಸ್ ನಿಲ್ದಾಣದಲ್ಲಿ ನೌಕರಿಯ ಉದ್ದಕ್ಕೂ ಮೈಕಿನ ಮುಂದೆ ಕೂತು "ರೋಣ, ಗಜೇಂದ್ರಗಡ, ಕುಷ್ಟಗಿ ಮಾರ್ಗವಾಗಿ ಹೋಗುವ ಪ್ರಯಾಣಿಕರ ಗಮನಕ್ಕೆ" ಎಂದು ಕೂಗಿದವರು ಮೈಲಾರಪ್ಪ ಗಾಣಿಗೇರ. ಲಕ್ವಾ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು ನಲವತ್ತು ಶಬ್ದ ಇರಬಹುದು. ನೀರು, ಹೌದು, ಬ್ಯಾಡ, ಫ್ಯಾನು, ಚಾ, ಮತ್ತೆ ಹೆಂಡತಿಯ ಹೆಸರಿನ ಅರ್ಧ. ಆ ನಲವತ್ತೂ ದೇವರು ಉಳಿಸಿದ್ದಲ್ಲ. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ ಒಂದು ಡಬ್ಬಿ ಕೊಟ್ಟದ್ದು.

ಡಬ್ಬಿ ಹುಟ್ಟಿನಲ್ಲಿ ಮಾಮೂಲಿ ರೌಟರೇ. ಮನೆಯೊಳಗೆ ಇಂಟರ್‌ನೆಟ್ ಹಂಚಲು ಎಲ್ಲರೂ ಇಟ್ಟುಕೊಳ್ಳುತ್ತಾರಲ್ಲ, ಅದರ ಅಣ್ಣ ಎನ್ನಿ. ಮೈಲಾರಪ್ಪನವರ ತಲೆಬುರುಡೆಯ ಒಳಗೆ, ಮಿದುಳಿನ ಮೇಲೆ, ಕೂದಲಿಗಿಂತ ತೆಳ್ಳಗಿನ ತಂತಿಗಳ ಬಲೆಯೊಂದನ್ನು ಹಾಸಿದ್ದರು. ಬಲೆಗೆ ಸ್ವಂತ ಬುದ್ಧಿ ಇಲ್ಲ. ಬುದ್ಧಿ ಇಟ್ಟರೆ ಬಿಸಿಯಾಗುತ್ತದೆ, ಬಿಸಿಯಾದರೆ ಮಿದುಳೇ ಬೇಯುತ್ತದೆ. ಆದ್ದರಿಂದ ಲೆಕ್ಕವೆಲ್ಲ ಗೋಡೆಯ ಮೇಲಿನ ಡಬ್ಬಿಯದು. ಏನೋ ಹೇಳಬೇಕೆಂದು ಮಿದುಳಿನಲ್ಲಿ ಎದ್ದ ತುಡಿತವನ್ನು ಬಲೆ ಹಿಡಿದು ಡಬ್ಬಿಗೆ ಕಳಿಸುತ್ತದೆ, ಡಬ್ಬಿ ಅದನ್ನು ಬಿಡಿಸಿ ನೋಡಿ ನಾಲಗೆಗೂ ತುಟಿಗೂ ದಾರಿ ತೋರಿಸುತ್ತದೆ. ದಾರಿ ತೋರಿಸುವುದೇ ರೌಟರಿನ ಕಸುಬು ತಾನೆ. ಡಬ್ಬಿಯ ಕಣ್ಣಳತೆ ದಾಟಿದರೆ ಮಾತು ನಿಂತಿತು. ಅದಕ್ಕೇ ಮೈಲಾರಪ್ಪ ಪಡಸಾಲೆ, ಅಡುಗೆಮನೆ, ಬಾಗಿಲ ಕಟ್ಟೆ ಇಷ್ಟರಲ್ಲೇ ಮಾತುಳ್ಳ ಮನುಷ್ಯ, ಬೀದಿಗೆ ಇಳಿದರೆ ಮೂಗ.

ಇಂಥ ಡಬ್ಬಿ ಗದಗ-ಬೆಟಗೇರಿಯ ನೂರಾರು ಮನೆಗಳಲ್ಲಿತ್ತು. ಅವೆಲ್ಲವನ್ನೂ ಹುಬ್ಬಳ್ಳಿಯ ನುಡಿಸೇತು ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ಕೂತು ನೋಡಿಕೊಳ್ಳುತ್ತಿದ್ದವಳು ದಾಕ್ಷಾಯಣಿ ಮೆಣಸಿನಕಾಯಿ. ಅಡ್ಡಹೆಸರಿಗೆ ತಕ್ಕ ಹೆಂಗಸು ಎಂದು ಕಚೇರಿಯಲ್ಲಿ ಎಲ್ಲರೂ ಹಿಂದಿನಿಂದ ಹೇಳುತ್ತಿದ್ದರು, ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳು ಖಾರವಾಗಲು ಕಾರಣವಿತ್ತು. ಮೊದಲ ಪೀಳಿಗೆಯ ಡಬ್ಬಿಗಳಲ್ಲಿ ತಂತ್ರಾಂಶಕ್ಕೆ ಒಂದೇ ಮನೆ. ಹೊಸದು ಬಂದರೆ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಬರೆಯಬೇಕು. ಒಮ್ಮೆ ಹಾಗೆ ಬರೆಯುತ್ತಿರುವಾಗ ಅರ್ಧ ಜಿಲ್ಲೆಯಲ್ಲಿ ಕರೆಂಟು ಹೋಯಿತು. ಡಬ್ಬಿಗಳು ಹಳೆಯವೂ ಅಲ್ಲ, ಹೊಸವೂ ಅಲ್ಲ ಎಂಬಂತಾದವು. ಮಾತಾಡುತ್ತಿದ್ದವರು ಶಬ್ದದ ಮಧ್ಯದಲ್ಲಿ ನಿಂತರು. ಕೆಲವರಿಗೆ ಫಿಟ್ಸ್ ಬಂತು, ಕೆಲವರು ಸತ್ತರು. ಗಾಬರಿಯಾದ ಅಧಿಕಾರಿಯೊಬ್ಬ ಹುಬ್ಬಳ್ಳಿಯಿಂದಲೇ ಗುಂಡಿ ಒತ್ತಿ ಅರ್ಧಂಬರ್ಧ ತಂತ್ರಾಂಶವನ್ನು ಬಲವಂತವಾಗಿ ಎಬ್ಬಿಸಲು ಹೋದದ್ದರಿಂದ ಇನ್ನೂ ಕೆಲವರು ಹೋದರು.

ಆಮೇಲೆ ದಾಕ್ಷಾಯಣಿ ಡಬ್ಬಿಯ ನೆನಪಿನ ಜಾಗವನ್ನು ಎರಡು ಪಾಲು ಮಾಡಿದಳು. ಎರಡೂ ಪಾಲು ಮೂಲ ಪಾಲೇ, ಯಾವುದರಿಂದ ಬೇಕಾದರೂ ಡಬ್ಬಿ ಎದ್ದು ಕೂರಬಹುದು. ಮೊದಲ ಪಾಲಿನಲ್ಲಿ ಹಳೆಯ ತಂತ್ರಾಂಶ ಕೆಲಸ ಮಾಡುತ್ತಿರುವಾಗಲೇ ಖಾಲಿ ಇರುವ ಎರಡನೆಯದರಲ್ಲಿ ಹೊಸದನ್ನು ಬರೆಯುವುದು. ಬರೆದು ಮುಗಿದ ಮೇಲೆ ಅಲ್ಲಿಂದ ಎಬ್ಬಿಸಿ ನೋಡುವುದು. ಮೂರು ಸಲ ಎಬ್ಬಿಸಿದರೂ ಏಳದಿದ್ದರೆ ಡಬ್ಬಿ ಯಾರನ್ನೂ ಕೇಳದೆ ಹಳೆಯ ಪಾಲಿಗೆ ಮರಳುತ್ತದೆ. ಮಂತ್ರಿಗಳ ಮುಂದೆ ವಿವರಿಸುವಾಗ ಅವಳು ಎರಡು ಒಲೆಯ ಮಾತು ಹೇಳಿದ್ದಳು. ಪಕ್ಕದ ಒಲೆಯ ಮೇಲೆ ಹೊಸ ಸಾರು ಕುದಿಯಲಿ, ರುಚಿ ನೋಡುವ ತನಕ ಹಳೆ ಸಾರಿನ ಪಾತ್ರೆ ಇಳಿಸಬೇಡಿ ಎಂದು. ಮಂತ್ರಿಗಳಿಗೂ ಅರ್ಥವಾಯಿತು.

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ದಾಕ್ಷಾಯಣಿ ಇನ್ನೂ ಎರಡು ಬೀಗ ಜಡಿದಳು. ಸೋತ ಪಾಲನ್ನು ಡಬ್ಬಿ ತಕ್ಷಣ ಪೂರಾ ಅಳಿಸಬೇಕು, ಅದು ಮತ್ತೆ ಅರ್ಧ ಎಚ್ಚರವಾಗಿ ಯಾರನ್ನೂ ಕೊಲ್ಲಬಾರದು. ಮತ್ತು ಹೊಸ ಪಾಲಿನ ಪರೀಕ್ಷೆ ನಡೆಯುತ್ತಿರುವಾಗ ಹೊರಗಿನಿಂದ ಯಾರೂ, ಸ್ವತಃ ತಾನೂ, ಒಳಗೆ ಕೈ ಹಾಕುವಂತಿರಬಾರದು. ಇದಕ್ಕಾಗಿ ಅವಳಿಗೆ ಶಾಲು ಹೊದಿಸಿದರು, ಪೇಪರಿನಲ್ಲಿ ಫೋಟೊ ಬಂತು.

ಉಳಿದದ್ದು ರುಚಿ ನೋಡುವವರು ಯಾರು ಎಂಬ ಪ್ರಶ್ನೆ. ಬಿಸಿ ಎಷ್ಟು, ಸಂಕೇತ ಎಷ್ಟು, ಫಿಟ್ಸಿನ ಸೂಚನೆ ಇದೆಯೇ ಎಂದು ಡಬ್ಬಿಯೇ ಅಳೆಯುತ್ತದೆ. ಆದರೆ ಬಾಯಿಂದ ಬಂದ ಮಾತು ಆ ಮನುಷ್ಯನದೇ ಹೌದೋ ಅಲ್ಲವೋ ಎಂದು ಡಬ್ಬಿಗೆ ಹೇಗೆ ಗೊತ್ತಾಗಬೇಕು? ಅದು ಮನೆಯವರಿಗೇ ಗೊತ್ತು. ಹಾಗಾಗಿ ಪರೀಕ್ಷೆಯ ಮೂರು ವಾರ, ದಿನಾ ಸಂಜೆ, ಡಬ್ಬಿ ಮನೆಯವರನ್ನು ಕೇಳುತ್ತದೆ: "ಇವತ್ತು ಹೇಗಿದ್ದಾರೆ?" ಮೂರು ಗುಂಡಿ. ಹಸಿರು ಚೆನ್ನಾಗಿದ್ದಾರೆ, ಹಳದಿ ಪರವಾಗಿಲ್ಲ, ಕೆಂಪು ಚೆನ್ನಾಗಿಲ್ಲ. ಹೆಚ್ಚಿನ ದಿನ ಹಸಿರು ಬಿದ್ದರೆ ಹೊಸ ಪಾಲು ಗಟ್ಟಿ, ಇಲ್ಲದಿದ್ದರೆ ಹಳೆಯದಕ್ಕೆ ವಾಪಸ್.

ಈ ಪ್ರಶ್ನೆಯನ್ನು ಮೊದಲು ಪ್ರಯೋಗಿಸಿದ್ದು ಸಮುದ್ರದಾಚೆಯ ಯಾವುದೋ ನಗರದಲ್ಲಿ. ಅಲ್ಲಿಯ ಜನ ಸಭ್ಯರಂತೆ. ಹಲ್ಲುನೋವಿದ್ದರೂ ಚೆನ್ನಾಗಿದ್ದೇನೆ ಎನ್ನುವವರು. ಅಂಥವರು ನಡುವಿನ ಗುಂಡಿ ಒತ್ತಿದರೆಂದರೆ ಸಂಕಟ ಮೇರೆ ಮೀರಿದೆ ಎಂದೇ ತಿಳಿಯಬೇಕು ಎಂದು ಅಲ್ಲಿಯ ತಜ್ಞರು ನಿಯಮ ಬರೆದರು. ಹಳದಿಯನ್ನು ಕೆಂಪಿನ ಲೆಕ್ಕಕ್ಕೇ ಸೇರಿಸಬೇಕು. ಹುಬ್ಬಳ್ಳಿಯವರು ಗುಂಡಿಯ ಮೇಲಿನ ಅಕ್ಷರವನ್ನು ಕನ್ನಡಕ್ಕೆ ತಂದರು, ನಿಯಮವನ್ನು ಇದ್ದ ಹಾಗೆಯೇ ಇಟ್ಟುಕೊಂಡರು. ಗಂಡ ಹೇಗಿದ್ದಾನೆ ಎಂದು ಕೇಳಿದರೆ ಗದಗಿನ ಹೆಂಗಸು ಏನು ಹೇಳುತ್ತಾಳೆ ಎಂದು ಆ ದೊಡ್ಡ ಮೇಜಿನ ಸುತ್ತ ಕೂತ ಯಾರಿಗೂ ಹೊಳೆಯಲಿಲ್ಲ. ಹಾಗೆ ನೋಡಿದರೆ ಅವರೆಲ್ಲ ಇದೇ ಸೀಮೆಯ ತಾಯಂದಿರ ಮಕ್ಕಳೇ.

ಹೊಸ ತಂತ್ರಾಂಶ ಗಾಣಿಗೇರರ ಮನೆಗೆ ಬಂದದ್ದು ಒಂದು ಬೆಳಿಗ್ಗೆ. ಡಬ್ಬಿಯ ದೀಪ ಆರಿ, ಹೊತ್ತಿ, ಮತ್ತೆ ಆರಿ ಕೊನೆಗೆ ನೀಲಿಯಾಗಿ ನಿಂತಿತು. ಮೈಲಾರಪ್ಪ ಎಡಗೈಯಲ್ಲಿ ಕಪ್ಪು ಹಿಡಿದು ಚಾ ಕುಡಿಯುತ್ತಿದ್ದರು. ಅವರ ಹೆಂಡತಿ ಕಸ್ತೂರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಕಸ್ತೂರಿ, ಈ ಚಾದಾಗ ಸಕ್ಕರಿ ಯಾರ ಬಂದ ಹಾಕಬೇಕು? ನಿಮ್ಮಪ್ಪನೇನು?"

ರೊಟ್ಟಿ ಹೆಂಚಿನ ಮೇಲೇ ಸೀದು ಕರಕಾಯಿತು. ಕಸ್ತೂರಿ ಹಿಟ್ಟಿನ ಕೈಯಲ್ಲೇ ಬಂದು ಗಂಡನ ಮುಂದೆ ನಿಂತಳು, ಹೋ ಎಂದು ಅತ್ತಳು. ಮೂರು ವರ್ಷದಿಂದ ಸಕ್ಕರೆ ಇಲ್ಲದ ಚಾ ಕುಡಿಸಿದ್ದಕ್ಕೆ ಮೈಲಾರಪ್ಪ ಬೈಯುತ್ತಲೇ ಇದ್ದರು. ಬೈಗುಳ ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಆಮೇಲೆ ಅವರನ್ನು ಹಿಡಿಯುವವರು ಯಾರು! ಮೂರು ವರ್ಷ ಒಳಗೇ ಕಟ್ಟಿಟ್ಟಿದ್ದ ಮಾತೆಲ್ಲ ಹೊರಬಂತು. ಏಣಿ ಒಯ್ದ ಎದುರುಮನೆಯವರು ಇನ್ನೂ ಕೊಟ್ಟಿಲ್ಲ, ವ್ಯಾಯಾಮ ಮಾಡಿಸಲು ಬರುವ ಹುಡುಗಿಯ ಕೈ ಕೊಡಲಿಯಂತೆ ಒರಟು, ಟಿವಿಯಲ್ಲಿ ಸುದ್ದಿ ಓದುವವನಿಗೆ ಉಸಿರು ಎಲ್ಲಿ ಬಿಡಬೇಕೆಂದೇ ಗೊತ್ತಿಲ್ಲ. ಮಧ್ಯಾಹ್ನ ಕಟ್ಟೆಗೆ ಕುರ್ಚಿ ಹಾಕಿಸಿಕೊಂಡು ಕೂತರು. ಓಣಿಯ ಜನ ನೆರೆದರು. ಯಾರೋ ಕೇಳಿದ್ದೇ ತಡ, "ಮುಂಡರಗಿ, ಹೂವಿನಹಡಗಲಿ, ಹರಪನಹಳ್ಳಿ ಮಾರ್ಗವಾಗಿ ದಾವಣಗೆರೆಗೆ ಹೋಗುವ ವಾಹನವು ಅಂಕಣ ಸಂಖ್ಯೆ ನಾಲ್ಕರಲ್ಲಿ" ಎಂದು ಶುರು ಮಾಡಿದರು. ಅದೇ ಗಂಟಲು, ಅದೇ ಎಳೆತ. ಒಬ್ಬ ಮುದುಕ ತನ್ನ ಚೀಲ ಎತ್ತಿಕೊಂಡು ನಿಂತೇಬಿಟ್ಟ, ಎಲ್ಲರೂ ನಕ್ಕರು.

ಸಂಜೆ ಡಬ್ಬಿ ಕೇಳಿತು, ಇವತ್ತು ಹೇಗಿದ್ದಾರೆ? ಕಸ್ತೂರಿಯ ಬೆರಳು ಹಸಿರಿನ ಕಡೆ ಹೋಗುತ್ತಿತ್ತು. ಪಕ್ಕದ ಮನೆಯ ಹುಸೇನಬಿ ಕೈ ಹಿಡಿದಳು. ಅವಳ ಅಣ್ಣನಿಗೂ ಇಂಥದೇ ಡಬ್ಬಿ, ಅವನಿಗೂ ಅವತ್ತೇ ಮಾತು ಬಂದಿತ್ತು.

"ಏನ್ ಒತ್ತಾಕತ್ತಿ?"

"ಹಸರದು. ಇಷ್ಟ ಛಲೋ ಮಾತಾಡಾಕತ್ತಾರಲ್ಲ."

"ಹುಚ್ಚಿ ಅದಿಯೇನ? ಮಾತ ಬಂದು ಒಂದ ದಿನಾ ಆಗಿಲ್ಲ, ಊರಿಗೆಲ್ಲಾ ಡಂಗುರಾ ಸಾರತೀಯಾ? ನಜರ ಬೀಳತೈತಿ. ನಾ ನಮ್ಮಣ್ಣಗ ಹಳದೀನ ಒತ್ತಿ ಬಂದೇನಿ. ಇನ್ನ ಸ್ವಲ್ಪ ಗಟ್ಟಿ ಆಗಲಿ ತಡಿ, ಹಸರು ಎಲ್ಲಿ ಓಡಿ ಹೊಕ್ಕೈತಿ?"

ಕಸ್ತೂರಿ ಬೆರಳು ಹಿಂದಕ್ಕೆಳೆದಳು. ಗಂಡನ ನಿವೃತ್ತಿಯ ಸಮಾರಂಭ ಅವಳ ಕಣ್ಣ ಮುಂದೆ ಬಂತು. ಡಿಪೋದವರೆಲ್ಲ ಸೇರಿ ಹಾರ ಹಾಕಿ, ಇಂಥಾ ಕಂಠ ಜಿಲ್ಲೆಯಲ್ಲೇ ಇಲ್ಲ ಎಂದು ಒಬ್ಬರ ಮೇಲೊಬ್ಬರು ಹೊಗಳಿದ್ದರು. ಮನೆಗೆ ಬಂದವಳೇ ದೃಷ್ಟಿ ತೆಗೆಯಬೇಕೆಂದಿದ್ದಳು, ದಣಿದು ಮಲಗಿಬಿಟ್ಟಿದ್ದಳು. ಆ ವಾರ ತುಂಬುವುದರೊಳಗೆ ಲಕ್ವಾ ಹೊಡೆಯಿತು. ಡಾಕ್ಟರು ರಕ್ತದೊತ್ತಡ ಎಂದರು. ಇರಬಹುದು. ಆದರೆ ಅವಳಿಗೆ ಗೊತ್ತಿದ್ದದ್ದು ಅವಳಿಗೆ ಗೊತ್ತು.

ಅವಳು ಹಳದಿ ಒತ್ತಿದಳು. ಆಮೇಲೆ ಗಂಡನ ಮುಖದ ಸುತ್ತ ಕೈ ತಂದು ತನ್ನ ಕಿವಿಯ ಹತ್ತಿರ ನೆಟಿಗೆ ಮುರಿದಳು. ಬೆರಳೆಲ್ಲ ಲಟಲಟ ಅಂದವು.

ಮರುದಿನವೂ ಹಳದಿ. ಮೈಲಾರಪ್ಪ ಎಷ್ಟು ಚೆನ್ನಾಗಿ ಮಾತಾಡುತ್ತಾರೋ ಅಷ್ಟು ಭಯದಿಂದ ಹಳದಿ. ದೂರದ ಊರಿನಿಂದ ಮಗಳು ಫೋನು ಮಾಡಿ ಅಪ್ಪನ ಜೊತೆ ಗಂಟೆಗಟ್ಟಲೆ ಹರಟಿದ ದಿನವಂತೂ ಕಸ್ತೂರಿ ಹಳದಿ ಒತ್ತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಓಣಿಯಲ್ಲಿ ಡಬ್ಬಿ ಇದ್ದ ಮನೆಯವರೆಲ್ಲ ಹೀಗೇ. ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಹುಬ್ಬಳ್ಳಿಯ ದೊಡ್ಡ ಪರದೆಯ ಮೇಲೆ ಗದಗ ಹಳದಿಯಾಗುತ್ತಾ ಬಂತು.

ದಾಕ್ಷಾಯಣಿಗೆ ಇದು ಬಿಡಿಸಲಾಗದ ಗಂಟಾಯಿತು. ಯಂತ್ರದ ಅಳತೆಗಳೆಲ್ಲ ನೆಟ್ಟಗಿವೆ. ಒಂದು ಡಬ್ಬಿಯೂ ಬಿಸಿಯಾಗಿಲ್ಲ, ಒಬ್ಬರಿಗೂ ಫಿಟ್ಸ್ ಬಂದಿಲ್ಲ. ಮನೆಯವರು ಮಾತ್ರ ದಿನಾ ಸಂಜೆ ಹಳದಿ ಒತ್ತುತ್ತಿದ್ದಾರೆ. ಎಂದರೆ ಯಂತ್ರಕ್ಕೆ ಕಾಣದ ಏನೋ ಕೆಟ್ಟದ್ದು ಆ ಮನೆಗಳಲ್ಲಿ ನಡೆಯುತ್ತಿದೆ. ಮಾತು ಬರುತ್ತಿದೆ, ಆದರೆ ಅದು ಅವರ ಮಾತಲ್ಲವೇ? ಬಾಯಿಗೆ ಬಾರದ್ದು ಬರುತ್ತಿದೆಯೇ? ಅವಳು ತಂತ್ರಾಂಶದ ಸಾಲು ಸಾಲು ಬಿಚ್ಚಿ ಕೂತಳು. ಊಟ ಬಿಟ್ಟಳು. ಪಕ್ಕದ ಮೇಜಿನವರ ಮೇಲೆ ಹರಿಹಾಯ್ದಳು. ಇಲ್ಲದ ತಪ್ಪನ್ನು ಹುಡುಕುವುದು ಇರುವ ತಪ್ಪನ್ನು ಹುಡುಕುವುದಕ್ಕಿಂತ ಕಷ್ಟ. ಅದು ಸಿಕ್ಕಿಲ್ಲ ಎಂದಷ್ಟೇ ಗೊತ್ತಾಗುತ್ತದೆ, ಇಲ್ಲ ಎಂದು ಗೊತ್ತಾಗುವುದಿಲ್ಲ.

"ಫೋನ್ ಮಾಡಿ ಕೇಳಬಾರದೇನು?" ಎಂದರು ಅವಳ ಮೇಲಧಿಕಾರಿ ವಾಮನ ಕಾಖಂಡಕಿ.

ಕೇಳಿಸಿದ್ದಳು. ಸಹಾಯವಾಣಿಯವರು ಮನೆಮನೆಗೂ ಫೋನು ಮಾಡಿದ್ದರು. ಎಲ್ಲರದೂ ಒಂದೇ ಉತ್ತರ, "ಏನೋ ನಡದೈತ್ರಿ." ಹಾಗೆಂದರೆ ಏನು ಎಂದು ಸಹಾಯವಾಣಿಯವರು ಕೇಳಲಿಲ್ಲ, ಹಳದಿ ಎಂದು ಬರೆದುಕೊಂಡರು.

ಪರೀಕ್ಷೆಯ ಕೊನೆಯ ದಿನ ದಾಕ್ಷಾಯಣಿ ಕಂಪ್ಯೂಟರು ಮುಚ್ಚಿ ಗದಗಿನ ಬಸ್ಸು ಹತ್ತಿದಳು. ಮೊದಲೇ ಹೋಗಬೇಕಿತ್ತು ಎಂದು ಈಗ ನಾವು ಸುಲಭವಾಗಿ ಹೇಳಬಹುದು. ರೋಗ ತಂತ್ರಾಂಶದ್ದು ಎಂದು ನಂಬಿದವರು ಬಸ್ಸು ಹತ್ತುವುದಿಲ್ಲ.

ಗಾಣಿಗೇರರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ತಿರುವಿನಲ್ಲೇ ದನಿ ಕೇಳಿಸುತ್ತಿತ್ತು. ಕಟ್ಟೆಯ ಮೇಲೆ ಕೂತ ಮೈಲಾರಪ್ಪ ಯಾರಿಗೋ ನಿಲ್ದಾಣದ ಹಳೆಯ ಕಥೆ ಹೇಳುತ್ತಿದ್ದರು. ಮದುವೆಯ ದಿಬ್ಬಣವೊಂದು ಗಂಡನ್ನೇ ಬಿಟ್ಟು ಬಸ್ಸು ಹತ್ತಿ ಹೋದದ್ದು, ಮೈಕಿನಲ್ಲಿ "ಮದುಮಗ ಅಂಕಣ ಎರಡರಲ್ಲಿ ಕಾಯುತ್ತಿದ್ದಾನೆ" ಎಂದು ಕೂಗಬೇಕಾದದ್ದು. ದಾಕ್ಷಾಯಣಿ ನಿಂತು ಕೇಳಿದಳು. ಒಂದು ಶಬ್ದ ತೊಡರಲಿಲ್ಲ. ತಾನು ಕನಸಿನಲ್ಲೂ ನಿರೀಕ್ಷಿಸದಷ್ಟು ಚೆನ್ನಾಗಿತ್ತು.

ಒಳಗೆ ಕರೆದು ಕಸ್ತೂರಿ ನೀರು ಬೆಲ್ಲ ಕೊಟ್ಟಳು. ಅವಳ ಮುಖ ಅರಳಿತ್ತು.

"ಯಜಮಾನರು ಹೆಂಗದಾರ್ರಿ?" ಎಂದು ಕೇಳಿದಳು ದಾಕ್ಷಾಯಣಿ.

"ಏನ್ ಹೇಳಲ್ರಿ ಯಕ್ಕಾ, ಏನೋ ನಡದೈತಿ. ಅಂಥಾದ್ದೇನಿಲ್ಲ." ಹೇಳುತ್ತಲೇ ಸೆರಗಿನ ಮರೆಯಲ್ಲಿ ಬೆರಳ ನೆಟಿಗೆ ಮುರಿದಳು. ತುಟಿಯ ಮೇಲಿನ ನಗುವನ್ನು ಅಡಗಿಸಲು ಅವಳಿಗೆ ಆಗುತ್ತಿರಲಿಲ್ಲ.

ದಾಕ್ಷಾಯಣಿ ಲೋಟ ಕೆಳಗಿಟ್ಟಳು. ಲಕ್ಷ್ಮೇಶ್ವರದಲ್ಲಿದ್ದ ಅವಳ ತಾಯಿಯೂ ಹೀಗೆಯೇ. ಮಗಳಿಗೆ ಶಾಲು ಹೊದಿಸಿದ ದಿನ ಬೀಗರು ಕೇಳಿದ್ದಕ್ಕೆ "ಏನೋ ಒಂದ ನೌಕರಿ, ಹೊಟ್ಟಿ ತುಂಬತೈತಿ" ಅಂದಿದ್ದಳು. ಅವತ್ತು ದಾಕ್ಷಾಯಣಿಗೆ ಸಿಟ್ಟು ಬಂದಿತ್ತು. ಮೂರು ವಾರ ಪರದೆಯ ಮೇಲೆ ನೂರಾರು ತಾಯಂದಿರು ಅದನ್ನೇ ಹೇಳಿದಾಗ ಅವಳಿಗೆ ಕೇಳಿಸಲಿಲ್ಲ.

ಹಿತ್ತಲಿಗೆ ಹೋಗಿ ಕಾಖಂಡಕಿಯವರಿಗೆ ಫೋನು ಮಾಡಿದಳು.

"ಸರ್, ಸಾಫ್ಟ್‌ವೇರಿನಾಗ ಏನೂ ತಪ್ಪಿಲ್ಲ. ಛಲೋ ಐತಿ ಅಂತನ ಇವರೆಲ್ಲಾ ಹಳದಿ ಒತ್ತ್ಯಾರ."

"ಛಲೋ ಇದ್ರ ಹಸರ ಒತ್ತಬೇಕಲ್ಲ?"

"ದೃಷ್ಟಿ ಆಗತೈತಿ ಅಂತ ಒತ್ತಿಲ್ರಿ."

"ನಮ್ಮವ್ವನೂ ಒತ್ತತಿದ್ದಿಲ್ಲ ಬಿಡ್ರಿ" ಎಂದರು ಕಾಖಂಡಕಿ. "ಆದ್ರ ಈಗ ನಾ ಏನ್ ಮಾಡ್ಲಿ? ಹೊರಗಿನಿಂದ ಒಳಗ ಕೈ ಹಾಕೋ ಬಾಗ್ಲಾ ನೀವ ಮುಚ್ಚಿಸೀರಿ. ಕೀಲಿ ಯಾರ ಕಡೆನೂ ಇರಬಾರದು ಅಂತ ಹಟಾ ಹಿಡದವರು ನೀವ. ನನ್ನ ಕೈಯಾಗೂ ಇಲ್ಲ, ಮಂತ್ರಿ ಕೈಯಾಗೂ ಇಲ್ಲ."

ಮಾಡಿದ್ದುಣ್ಣೋ ಮಹರಾಯ ಎಂಬುದು ಇದಕ್ಕೇ. ಆದರೆ ಇಲ್ಲಿ ಮಾಡಿದವಳು ಒಬ್ಬಳು, ಉಣ್ಣಬೇಕಾದವರು ಬೇರೆಯವರು.

ದಾಕ್ಷಾಯಣಿ ಕಸ್ತೂರಿಗೆ ಎಲ್ಲವನ್ನೂ ಹೇಳಿದಳು. ಮುಚ್ಚಿಡಲಿಲ್ಲ, ಅಷ್ಟು ಒಳ್ಳೆಯತನ ಅವಳಿಗಿತ್ತು. ಸಂಜೆಯ ಪ್ರಶ್ನೆಯ ನಂತರ ಡಬ್ಬಿ ತಾನೇ ಲೆಕ್ಕ ಹಾಕುತ್ತದೆ, ಹಳೆಯ ಪಾಲಿಗೆ ಹೋಗುತ್ತದೆ, ಹೊಸ ಪಾಲನ್ನೂ ಅದರಲ್ಲಿ ಕಲಿತಿದ್ದನ್ನೂ ಅಳಿಸುತ್ತದೆ ಎಂದಳು. ಕಸ್ತೂರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದಾಗ ಎದ್ದು ಡಬ್ಬಿಯ ಮುಂದೆ ಹೋಗಿ ನಿಂತಳು.

"ಇವತ್ತ ಹಸರು ಒತ್ತತೇನ್ರಿ. ನೂರ ಸಲ ಒತ್ತ ಅಂದ್ರ ನೂರ ಸಲ ಒತ್ತತೇನಿ."

"ದಿನಕ್ಕ ಒಂದ ಸಲ ಅಷ್ಟ ತಗೋತೈತ್ರಿ. ಹಳದಿ ಭಾಳ ಆಗ್ಯಾವು."

"ವಾಯರ್ ಕಿತ್ತ ಒಗದ್ರ?"

"ಒಳಗ ಬ್ಯಾಟರಿ ಐತ್ರಿ. ಅದನ್ನೂ ಕಿತ್ರ ಆ ಕ್ಷಣಕ್ಕ ಹಳೇದಕ್ಕ ಹೊಕ್ಕೈತಿ."

"ನೀವ ಮಾಡಿದ್ದಲ್ಲೇನ್ರಿ ಇದನ್ನ? ನಿಮ್ಮ ಮಾತೂ ಕೇಳೂದಿಲ್ಲಾ?"

"ಇಲ್ರಿ" ಎಂದಳು ದಾಕ್ಷಾಯಣಿ. "ನನ್ನ ಮಾತೂ ಕೇಳೂದಿಲ್ಲ."

ಕಟ್ಟೆಯ ಮೇಲೆ ಮಾತು ನಿಂತಿತ್ತು. ಮೈಲಾರಪ್ಪ ಗೋಡೆ ಹಿಡಿದು ಒಳಗೆ ಬಂದು ಬಾಗಿಲಲ್ಲೇ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು.

"ಇದ ಕೊನೇ ಬಸ್ಸು ಅಂತ ಮದ್ಲ ಹೇಳಬೇಕಲ್ರಿ, ಅಕ್ಕಾರ" ಎಂದರು. "ಹಿಂಗ ಮಾಡಿದ್ರ ಪ್ರಯಾಣಿಕರು ಏನ್ ತಿಳಕೋಬೇಕು?" ತಮಾಷೆಗೆ ಹೇಳಿದ್ದೋ ಸಿಟ್ಟಿನಿಂದ ಹೇಳಿದ್ದೋ ಗೊತ್ತಾಗಲಿಲ್ಲ. ಆಮೇಲೆ ನಿಜವಾಗಿಯೂ ಸಿಟ್ಟು ಬಂದು ಸಂಸ್ಥೆಯವರ ವಂಶವನ್ನೆಲ್ಲ ಜಾಲಾಡಿದರು. ದಾಕ್ಷಾಯಣಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವರು ಬೈದು ದಣಿದ ಮೇಲೆ ಎದ್ದು ಹೋಗಿ ಓಣಿಯ ತುದಿಯ ಚಾದಂಗಡಿಯಲ್ಲಿ ಕೂತಳು. ಉಳಿದ ಹೊತ್ತು ಗಂಡಹೆಂಡಿರದು, ಅದರಲ್ಲಿ ತನಗೆ ಪಾಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಮಧ್ಯಾಹ್ನ ಗಾಣಿಗೇರರ ಮನೆಯಲ್ಲಿ ನಡೆದದ್ದು ವಿಚಿತ್ರ. ಮೂರು ವಾರ ಬಾಯಿ ಮುಚ್ಚದೆ ಮಾತಾಡಿದವರಿಗೆ ಈಗ ಮಾತೇ ಸಿಗಲೊಲ್ಲದು. ಕಸ್ತೂರಿ ಎದುರಿಗೆ ಕೂತು, "ಏನರೆ ಅನ್ರಿ" ಎಂದಳು. "ಏನನ್ಲಿ?" ಎಂದರು ಮೈಲಾರಪ್ಪ. ಮಗಳಿಗೆ ಫೋನು ಮಾಡಿದರು, ಅವಳು ಎತ್ತಲಿಲ್ಲ. ಹಿತ್ತಲ ಬಚ್ಚಲಿನ ಕೊಳಾಯಿ ಸೋರುತ್ತದೆ, ರಿಪೇರಿ ಮಾಡಿಸು ಎಂದರು. ಹೂಂ ಎಂದಳು. ಜೋಳದ ಚೀಲ ಹಾಸುಗಲ್ಲಿನ ಮೇಲಿಡು, ಹುಳ ಹಿಡಿಯುತ್ತದೆ ಎಂದರು. ಹೂಂ ಎಂದಳು. ಪಕ್ಕದ ಮನೆಯಿಂದ ಹುಸೇನಬಿಯ ಅಳು ಕೇಳುತ್ತಿತ್ತು, ಅವಳಿಗೂ ಸುದ್ದಿ ತಲುಪಿತ್ತು. ಹೊತ್ತು ಹೋಗುತ್ತಲೇ ಇತ್ತು. ಬೆಲೆಬಾಳುವ ಹೊತ್ತು ಕೂಡ ಮಾಮೂಲಿ ಹೊತ್ತಿನ ಹಾಗೇ ಹೋಗುತ್ತದೆ, ಅದಕ್ಕೇನೂ ನಾಚಿಕೆ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಡಬ್ಬಿ ಕೇಳಿತು. ಕಸ್ತೂರಿ ಹಸಿರು ಗುಂಡಿಯನ್ನು ಒತ್ತಿ ಹಿಡಿದಳು. ಕೈ ತೆಗೆದರೆ ಎಲ್ಲ ಮುಗಿಯುತ್ತದೆ ಎಂಬಂತೆ ಹಿಡಿದೇ ಇದ್ದಳು. ಬೆರಳ ತುದಿ ಬೆಳ್ಳಗಾಯಿತು.

"ಕಸ್ತೂರಿ, ಇಲ್ಲಿ ಕೇಳು" ಎಂದರು ಮೈಲಾರಪ್ಪ ಅವಸರದಿಂದ. "ನೀ ಹಳದಿ ಒತ್ತಿದ್ದಕ್ಕ ನನಗ ನಿನ್ನ ಮ್ಯಾಲ ಸಿಟ್ಟು…"

ನೀಲಿ ದೀಪ ಆರಿತು. ಮೈಲಾರಪ್ಪನವರ ತುಟಿ ಇನ್ನೂ ಅಲುಗುತ್ತಿತ್ತು. ಡಬ್ಬಿ ಒಳಗೊಳಗೇ ಸಣ್ಣಗೆ ಗುಂಯ್ ಎಂದು, ಮತ್ತೆ ಹೊತ್ತಿಕೊಂಡಿತು. ಎಲ್ಲ ಸುರಳೀತವಾಗಿ ನಡೆಯಿತು. ಒಂದು ಡಬ್ಬಿಯೂ ಸಾಯಲಿಲ್ಲ, ಒಬ್ಬ ರೋಗಿಗೂ ತೊಂದರೆಯಾಗಲಿಲ್ಲ ಎಂದು ಹುಬ್ಬಳ್ಳಿಯಲ್ಲಿ ಬರೆದುಕೊಂಡರು.

"ನೀರು" ಎಂದರು ಮೈಲಾರಪ್ಪ.

ಕಸ್ತೂರಿ ನೀರು ತಂದು ಕುಡಿಸಿದಳು. ಸಿಟ್ಟು ಇದೆಯೇ ಎಂದು ಕೇಳಬಹುದಿತ್ತು. ಹೌದು ಎಂಬ ಶಬ್ದ ಆ ನಲವತ್ತರಲ್ಲಿತ್ತಲ್ಲ, 'ಹೌದು' ಅಂದುಬಿಟ್ಟಾರು ಎಂದು ಹೆದರಿ ಕೇಳಲಿಲ್ಲ. ಆ ಹೆದರಿಕೆ ಅವಳನ್ನು ಮುಂದೆಂದೂ ಬಿಡಲಿಲ್ಲ.

ಹಳೆಯ ಪಾಲಿಗೆ ಮರಳಿದ ಮೇಲೂ ಡಬ್ಬಿ ಒಂದು ವಾರ ಸಂಜೆಯ ಪ್ರಶ್ನೆ ಕೇಳುತ್ತದೆ, ಹಳೆಯದಾದರೂ ಸರಿಯಾಗಿದೆಯೇ ಎಂದು. ದಾಕ್ಷಾಯಣಿಗೆ ಅದರಲ್ಲಿ ಒಂದು ಕಿಂಡಿ ಕಂಡಿತು. ಹೊಸ ತಂತ್ರಾಂಶ ಈ ಸೀಮೆಯಲ್ಲಿ ಸೋತಿತು ಎಂದು ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತ್ತು. ಹಳದಿಯ ಅರ್ಥ ಬೇರೆ ಎಂದು ಅವಳು ಹೇಳಿದ್ದನ್ನು ಸಂಸ್ಥೆಯ ಸಮಿತಿ ಕೇಳಲಿಲ್ಲ, ಗುಂಡಿಯ ಲೆಕ್ಕವೇ ಲೆಕ್ಕ ಎಂದಿತು. ಹಳೆಯದು ಸಾಲದು ಎಂದು ಮನೆಯವರೇ ಹೇಳಿದರೆ ಮಾತ್ರ ಮತ್ತೆ ಕಳಿಸಬೇಕೆಂದು ನಿಯಮ. ಎಲ್ಲರೂ ಕೆಂಪು ಒತ್ತಿದರೆ ಸಾಕು. ಅವಳು ಮರುದಿನವೇ ಗದಗಿಗೆ ಬಂದು ಓಣಿ ಓಣಿ ತಿರುಗಿದಳು. ಸಂಜೆಗೆ ಗಾಣಿಗೇರರ ಪಡಸಾಲೆಯಲ್ಲಿ ಕೂತಿದ್ದಳು.

"ಕೆಂಪು ಒತ್ರಿ. ಕೈ ಮುಗೀತೇನಿ" ಎಂದಳು. ಮೆಣಸಿನಕಾಯಿಯ ಖಾರವೆಲ್ಲ ಎಲ್ಲಿಗೆ ಹೋಗಿತ್ತೋ.

ಕಸ್ತೂರಿ ಗುಂಡಿಯ ಮೇಲಿನ ಅಕ್ಷರವನ್ನು ಓದಿದಳು. "ದೀಪಾ ಹಚ್ಚೂ ಹೊತ್ತನ್ಯಾಗ, ಗಂಡ ಚೆನ್ನಾಗಿಲ್ಲ ಅಂತ ನನ್ನ ಬೆರಳಲೆ ನಾ ಒತ್ತಲ್ಯಾ?"

"ಅದು ಬರೇ ಗುಂಡಿ ಐತ್ರಿ."

"ಹಳದೀನೂ ಬರೇ ಗುಂಡೀನ ಇತ್ತಲ್ರಿ."

ದಾಕ್ಷಾಯಣಿ ಮುಗಿದಿದ್ದ ಕೈ ಇಳಿಸಿದಳು.

"ಕೆಂಪು ಒತ್ತಿದ್ರ ಏನಾಗತೈತಿ, ಖರೇ ಹೇಳ್ರಿ" ಎಂದಳು ಕಸ್ತೂರಿ.

ದಾಕ್ಷಾಯಣಿ ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತೇನೋ. "ಕೆಂಪು ಭಾಳ ಆದ್ರ ಹಳೇ ಪಾಲೂ ಕೆಟ್ಟೈತಿ ಅಂತ ಡಬ್ಬಿ ತಿಳಕೋತೈತಿ. ಇನ್ನೊಂದ ಪಾಲು ಈಗ ಖಾಲಿ. ಹೊಸಾದು ಬರೂ ಮಟಾ ಡಬ್ಬಿ ಬಂದ್ ಇರತೈತಿ."

"ಬಂದ್ ಅಂದ್ರ? ಈಗ ಬರೂ ನಾಕ ಮಾತೂ?"

"ಅವೂ ಇರೂದಿಲ್ಲ. ಕೆಲವು ವಾರ. ಆಮ್ಯಾಲ ಹೊಸಾದು ಬರಬಹುದು."

"ಬರತೈತ್ಯೋ, ಬರಬಹುದೋ?"

ಇಡೀ ಜಿಲ್ಲೆಯವರು ಕೆಂಪು ಒತ್ತಬೇಕು, ಸಮಿತಿ ಕೂಡಬೇಕು, ಯಾವುದೋ ದೂರದ ಊರಿನವರು ಒಪ್ಪಬೇಕು. ದಾಕ್ಷಾಯಣಿ ಗೋಡೆಯ ಡಬ್ಬಿಯನ್ನೇ ನೋಡಿದಳು. ಎಷ್ಟು ಜಾಗರೂಕತೆಯಿಂದ ಮಾಡಿದ್ದಳು ಅದನ್ನು.

"ಬರಬಹುದು" ಎಂದಳು.

ಮೈಲಾರಪ್ಪ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ನೋಡುತ್ತಿದ್ದರು. ಎಡಗೈ ಎತ್ತಿ, "ಸಾಕು" ಎಂದರು. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟೇ ಬಂತು.

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಸರು ಒತ್ತಿದ್ರ ಇದ್ದದ್ದ ಉಳೀತೈತಿ ಅಂತ ಈಗ ತಿಳದೈತ್ರಿ ನಮಗ. ಇಷ್ಟರ ಇರಲಿ" ಎಂದು ಹಸಿರು ಗುಂಡಿ ಒತ್ತಿದಳು. ಪಕ್ಕದ ಮನೆಯಲ್ಲಿ ಹುಸೇನಬಿಯೂ ಒತ್ತಿದಳು. ಆ ಸಂಜೆ ಇಡೀ ಓಣಿ ಒತ್ತಿತು, ಮುಂದಿನ ಸಂಜೆಗಳಲ್ಲೂ ಒತ್ತಿತು.

ವಾರ ಮುಗಿದ ಸಂಜೆ ದಾಕ್ಷಾಯಣಿಯ ಫೋನು ನಡುಗಿತು. ಕಾಖಂಡಕಿಯವರ ಸಂದೇಶ. ಗದಗ ಪೂರಾ ಹಸಿರಾಗಿದೆ, ಹಳೆಯ ಆವೃತ್ತಿಯಲ್ಲೇ ಜನ ಸುಖವಾಗಿದ್ದಾರೆ ಎಂದು ಸಮಿತಿ ತೀರ್ಮಾನಿಸಿದೆ, ಈ ಸೀಮೆಗೆ ಮುಂದಿನ ಯಾವ ನವೀಕರಣವೂ ಬೇಕಾಗಿಲ್ಲ ಎಂದಿತ್ತು. ಕೆಳಗೆ ಯಂತ್ರವೇ ಸೇರಿಸಿದ ಒಂದೊಂದು ಮನೆಯ ವರದಿ. ಗಾಣಿಗೇರ ಅವರ ಮನೆ: ರೋಗಿ ಚೆನ್ನಾಗಿದ್ದಾರೆ.